ಹೆಂಚಿನ ಮಾಡೂ ಸರ್ವಸಮತೆಯೂ



ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವವರು ಮರವಂತೆಯಲ್ಲಿ ಎಡಕ್ಕೆ ಕಡಲನ್ನೂ ಬಲಕ್ಕೆ ಸೌಪರ್ಣಿಕೆಯನ್ನೂ ನೋಡುತ್ತ ಮುಂದರಿದರೆ ನಾವುಂದವೆಂಬ ಊರು ಸಿಕ್ಕುವುದು. ಕರಾವಳಿಯ ಇತರ ಊರುಗಳಂತೆ ಅಲ್ಲಿಯೂ ಹೆಂಚಿನ ಮಾಡುಗಳುಂಟು. ಆ ಹೆಂಚುಗಳನ್ನೇ ಸಾಕ್ಷಿಗೆ ಕರೆದು, ಎರಡು ಆಕೃತಿಗಳು ಸರ್ವಸಮವೆಂದು ತೋರಿಸುವ ಬಗೆಯನ್ನು ವಿವರಿಸಬೇಕೆಂದಿದ್ದೇನೆ.

ಆಕಾರದಲ್ಲಿಯೂ ಅಳತೆಯಲ್ಲಿಯೂ ಒಂದೇ ಆಗಿರುವ ಆಕೃತಿಗಳು ಸರ್ವಸಮವಾದುವು. ಕಣ್ಣಿಗೆ ಹಾಗೆ ಕಂಡರೆ ಸಾಲದು. ಒಂದನ್ನು ಇನ್ನೊಂದರ ಮೇಲಿಟ್ಟಾಗ ಅಂಚಿಗೆ ಅಂಚು ಕೂಡಬೇಕು. ಹಾಗಿಡುವುದಕ್ಕೆ ಮುಖ್ಯವಾಗಿ ಮೂರು ಚಲನೆಗಳು ಸಾಕು: ದಿಕ್ಕು ಬದಲಿಸದೆ ಸರಿಸುವುದು, ಒಂದು ಬಿಂದುವಿನ ಸುತ್ತ ತಿರುಗಿಸುವುದು, ಒಂದು ರೇಖೆಯನ್ನು ಕನ್ನಡಿಯಾಗಿಟ್ಟುಕೊಂಡು ಮಗುಚುವುದು. ಇವುಗಳಿಂದ ಉದ್ದವಾಗಲಿ ಕೋನವಾಗಲಿ ಕೆಡದು.

ಕಾಗದ ಪೆನ್ಸಿಲು ಹತ್ತಿರವಿದ್ದವರು ಕಖಗ, ಚಛಜ ಎಂಬ ಎರಡು ತ್ರಿಕೋನಗಳನ್ನು ಬರೆದುಕೊಳ್ಳಲಿ. ಕಖ ಬಾಹುವು ಚಛಕ್ಕೂ, ಕಗ ಬಾಹುವು ಚಜಕ್ಕೂ, ಅವುಗಳ ನಡುವಣ ಕೋನವು ಕೋನಕ್ಕೂ ಸಮವಾಗಿರಲಿ. ಮೊದಲನೆಯ ತ್ರಿಕೋನವನ್ನು ಸರಿಸಿ ಕ ಬಿಂದುವನ್ನು ಚ ಬಿಂದುವಿನ ಮೇಲೆ ತನ್ನಿರಿ. ಬಳಿಕ ಕಖವು ಚಛದ ಜಾಡಿನಲ್ಲಿ ಬೀಳುವವರೆಗೆ ತಿರುಗಿಸಿರಿ. ಉದ್ದಗಳು ಸಮವಾದುದರಿಂದ ಖ ಬಿಂದುವು ಛ ಬಿಂದುವಿನ ಮೇಲೆಯೇ ನಿಲ್ಲುವುದು. ಗ ಮತ್ತು ಜ ಬಿಂದುಗಳು ಆ ರೇಖೆಯ ಬೇರೆ ಬೇರೆ ಪಕ್ಕಗಳಲ್ಲಿದ್ದರೆ ಒಮ್ಮೆ ಮಗುಚಿರಿ. ಕೋನ ಸಮ, ಬಾಹು ಸಮ. ಗ ಬಿಂದುವಿಗೆ ಜ ಬಿಂದುವಿನ ಹೊರತು ಬೇರೆ ನೆಲೆಯಿಲ್ಲ.

ಯೂಕ್ಲಿಡನು ತನ್ನ ಮೊದಲನೆಯ ಪುಸ್ತಕದ ನಾಲ್ಕನೆಯ ಪ್ರಮೇಯವನ್ನು ಹೀಗೆ ಒಂದರ ಮೇಲೊಂದನ್ನಿಟ್ಟೇ ಸಾಧಿಸಿದನು. ಎತ್ತಿಡಲು ಅಪ್ಪಣೆ ಕೊಟ್ಟವರಾರೆಂದು ಪಂಡಿತರು ಕೇಳಿದರು, ಅನ್ಯಾಯದ ಪ್ರಶ್ನೆಯಲ್ಲ. 1899ರಲ್ಲಿ ಹಿಲ್ಬರ್ಟನು ಅದರ ತಿರುಳನ್ನು ಸಾಧಿಸಲು ಹೋಗದೆ ಸ್ವಯಂಸಿದ್ಧವೆಂದೇ ಇಟ್ಟುಕೊಂಡನು. ಅದಕ್ಕೂ ಮುಂಚೆ, 1872ರಲ್ಲಿ, ಚಲನೆಗಳಿಂದ ಮಾರ್ಪಡದ ಗುಣಗಳ ವಿಚಾರವೇ ಜ್ಯಾಮಿತಿಯೆಂದು ಕ್ಲೈನನು ಸಾರಿದ್ದನು.

ಇನ್ನು ಮಾಡಿಗೆ ಬರೋಣ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚು ಇದು. ಅಚ್ಚಿನಲ್ಲಿ ಒತ್ತಿ ಸುಟ್ಟದ್ದು. ಇದರ ಒಂದು ಪಕ್ಕದಲ್ಲಿ ತೋಡು, ಇನ್ನೊಂದು ಪಕ್ಕದಲ್ಲಿ ನೆರೆಯ ಹೆಂಚಿನ ತೋಡನ್ನು ಮುಚ್ಚುವ ಏಣು. ಒಂದು ಇಳಿಜಾರಿನಲ್ಲಿ ಯಾವ ಹೆಂಚನ್ನಾದರೂ ರೀಪುಗಳ ಮೇಲೆ ಸರಿಸಿದರೆ ಸಾಕು, ಮತ್ತೊಂದರ ಸ್ಥಾನಕ್ಕೆ ಬರುವುದು. ಆಚೆಯ ಇಳಿಜಾರಿಗೆ ಹೋಗಬೇಕಾದರೆ? ಎರಡು ಇಳಿಜಾರುಗಳು ಬಿಂಬ ಪ್ರತಿಬಿಂಬಗಳಂತಿರುವುದರಿಂದ ಹೆಂಚುಗಳೂ ಹಾಗೆಯೇ ಎಂದು ನಾನು ಬಹುಕಾಲ ನಂಬಿದ್ದೆ. ಅದು ತಪ್ಪು. ಪ್ರತಿಬಿಂಬದಲ್ಲಿ ತೋಡು ಪಕ್ಕ ಬದಲಿಸುವುದು. ಅಂಥ ಹೆಂಚು ಅದೇ ಅಚ್ಚಿನಿಂದ ಹುಟ್ಟಲಾರದು. ಇಲ್ಲಿ ಬೇಕಾದುದು ನೆಟ್ಟಗೆ ನಿಂತ ಅಕ್ಷದ ಸುತ್ತ ಅರ್ಧ ಸುತ್ತು. ಆದುದರಿಂದಲೇ ಅಂಗಳದಲ್ಲಿ ನಿಂತು ನೋಡಿದರೂ ಹಿತ್ತಿಲಲ್ಲಿ ನಿಂತು ನೋಡಿದರೂ ತೋಡು ನಮ್ಮ ಒಂದೇ ಕೈಯ ಕಡೆಗಿರುವುದು. ಮನೆಯ ಈಚೆ ಅದು ಕಡಲ ದಿಕ್ಕಿಗಿದ್ದರೆ ಆಚೆ ಬೆಟ್ಟದ ದಿಕ್ಕಿಗೆ.

ಕಾಗದದ ತ್ರಿಕೋನವನ್ನು ಮೇಜಿನಿಂದ ಎತ್ತಿ ಮಗುಚಬಹುದು. ಹೆಂಚನ್ನು ಮಗುಚಿದರೆ ಬೆನ್ನು ಮೇಲಾಗುವುದೇ ಹೊರತು ಪ್ರತಿಬಿಂಬವಾಗದು. ಅದಕ್ಕೆ ಉದ್ದ, ಅಗಲ, ಎತ್ತರಗಳ ಹೊರಗೆ ಇನ್ನೊಂದು ಆಯಾಮ ಬೇಕು. ಗಣಿತಜ್ಞರು ಪ್ರತಿಬಿಂಬವನ್ನೂ ಸರ್ವಸಮವೆಂದೇ ಎಣಿಸುತ್ತಾರೆ. ಮಾಡು ಹೊದಿಸುವವರು ಒಪ್ಪರು: ಅಂಥದೊಂದನ್ನು ಸಾಲಿನ ನಡುವೆ ಸೇರಿಸಿದರೆ ಒಂದು ಪಕ್ಕದಲ್ಲಿ ತೋಡಿಗೆ ತೋಡು, ಇನ್ನೊಂದರಲ್ಲಿ ಏಣಿಗೆ ಏಣು ಎದುರಾಗಿ, ಆಷಾಢದ ಮಳೆ ನೇರವಾಗಿ ಜಗಲಿಗೆ ಇಳಿಯುವುದು.