ಎರೆಮೀನಿಗೂ ಉಸಿರು ಬೇಕು

ಮಳೆಗಾಲದ ರಾಡಿ ಇಳಿದು ನೀರು ತಿಳಿಯಾಗತೊಡಗಿತೆಂದರೆ ಹಾಸನ ಜಿಲ್ಲೆಯ ಕೆರೆ ಏರಿಗಳ ಮೇಲೆ ಗಾಳದವರು ಬಂದು ಕೂರುತ್ತಾರೆ. ಬೇಲೂರಿನ ವಿಷ್ಣುಸಮುದ್ರ, ಹಳೇಬೀಡಿನ ದ್ವಾರಸಮುದ್ರ, ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದಳೆಂದು ಹೇಳುವ, ಊರಿಗೇ ಹೆಸರು ಕೊಟ್ಟ ಅರಸೀಕೆರೆಯ ಕೆರೆ, ಈಚಿನ ಯಗಚಿ ಜಲಾಶಯ - ನೀರು ನಿಂತ ಕಡೆಯೆಲ್ಲ ಬಿದಿರುಕೋಲು, ನೈಲಾನ್ ದಾರ, ನವಿಲುಗರಿಯ ದಂಟಿನ ಬೆಂಡು ಕಾಣಸಿಗುತ್ತವೆ. ಪ್ರವಾಸಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ದೇಗುಲಗಳನ್ನು ನೋಡಿ ಬಸ್ಸು ಹತ್ತುತ್ತಾರೆ. ಅದೇ ಕಾಲದ ಕೆರೆಯನ್ನು ತಿರುಗಿ ನೋಡುವವರು ಕಡಿಮೆ. ಗಾಳದವರಿಗೆ ಮಾತ್ರ ಅದರ ಒಂದೊಂದು ಕೊರಕಲೂ ಗೊತ್ತು. (ಮೀನಿನ ಹಕ್ಕನ್ನು ಗುತ್ತಿಗೆ ಕೊಟ್ಟಿರುವ ಕೆರೆಗಳಲ್ಲಿ ಗುತ್ತಿಗೆದಾರರ ಒಪ್ಪಿಗೆ ಬೇಕೆನ್ನುವುದು ಬೇರೆ ಮಾತು.)

ಗೆಂಡೆ, ರೋಹು ಹಿಡಿಯುವವರಿಗೆ ರಾಗಿಹಿಟ್ಟಿನ ಉಂಡೆ ಸಾಕು. ಆದರೆ ಬಾಳೆ, ಮುರುಗೋಡು, ಗಿರ್ಲು ಮುಂತಾದ ಮೀಸೆಯುಳ್ಳ ಮೀನುಗಳ ಬೆನ್ನು ಹತ್ತಿದವರ ಕಥೆಯೇ ಬೇರೆ. ಊರೂರಿಗೆ ಹೆಸರು ಬದಲಾಗಬಹುದು, ಗುಣ ಒಂದೇ. ಮೈಮೇಲೆ ಹುರುಪೆಯಿಲ್ಲ, ಬಾಯಿಯ ಸುತ್ತ ಮೀಸೆ, ಹಗಲು ಮರೆ, ರಾತ್ರಿ ಬೇಟೆ. ಇವುಗಳಿಗೆ ಎರೆಹುಳುವೂ ಆದೀತು. ಆದರೆ ದೊಡ್ಡ ಮೀನು ಬೇಕಾದರೆ ಗಾಳಕ್ಕೆ ಸಣ್ಣ ಮೀನನ್ನೇ ಸಿಕ್ಕಿಸಬೇಕು. ಈ ಸಣ್ಣ ಮೀನೇ ಎರೆಮೀನು.

ತೊಂದರೆ ಶುರುವಾಗುವುದು ಇಲ್ಲೇ. ಸಂಜೆ ನಾಲ್ಕಕ್ಕೆ ಸಣ್ಣ ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದ ಐವತ್ತು ಮೀನುಗಳಲ್ಲಿ ಕತ್ತಲಾಗುವ ಹೊತ್ತಿಗೆ ಅರ್ಧದಷ್ಟು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಗಾಳ ಹಾಕುವ ಸರಿಯಾದ ಹೊತ್ತಿಗೆ ಎರೆಯೇ ಇಲ್ಲ. ‘ನೀರು ಸಾಲಲಿಲ್ಲ’, ‘ಹಸಿದು ಸತ್ತವು’, ‘ದೃಷ್ಟಿ ತಾಗಿತು’ - ಹೀಗೆ ಕಾರಣಗಳೇನೋ ಹಲವು. ಕೆಲವರಂತೂ ಹಸಿವೆಂದು ಬಗೆದು ಬಕೆಟ್ಟಿಗೆ ಒಂದು ಹಿಡಿ ಅನ್ನ ಹಾಕುತ್ತಾರೆ. ಮೀನಿಗೆ ಇದಕ್ಕಿಂತ ದೊಡ್ಡ ಅಪಕಾರ ಇನ್ನೊಂದಿಲ್ಲ.

ಬಕೆಟ್ಟಿನೊಳಗಿನ ಲೆಕ್ಕ

ಮೀನು ಸಾಯುವುದು ಹಸಿವಿನಿಂದಲ್ಲ, ಉಸಿರು ಕಟ್ಟಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ ಎಂಟೊಂಬತ್ತು ಮಿಲಿಗ್ರಾಂ. ಅಂದರೆ ನಾವು ಉಸಿರಾಡುವ ಗಾಳಿಗೆ ಹೋಲಿಸಿದರೆ ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂಗೆ ನಿಲ್ಲುತ್ತದೆ.

ಇದರ ಜೊತೆಗೆ ಇನ್ನೊಂದು ಪೇಚು. ಮೀನು ಶೀತರಕ್ತದ ಪ್ರಾಣಿ. ನೀರು ಬಿಸಿಯಾದರೆ ಅದರ ಮೈಯೂ ಬಿಸಿ, ಉಸಿರಾಟವೂ ಚುರುಕು. ಹತ್ತು ಡಿಗ್ರಿ ಏರಿದರೆ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹುಟ್ಟುವಳಿ ಇಳಿದಾಗಲೇ ಖರ್ಚು ಏರಿದ ಸಂಸಾರದಂತೆ!

ಈಗ ಹತ್ತು ಲೀಟರಿನ ಬಕೆಟ್ಟಿಗೆ ಬರೋಣ. 30 ಡಿಗ್ರಿಯಲ್ಲಿ ಅದರಲ್ಲಿರುವ ಆಮ್ಲಜನಕ 75 ಮಿಲಿಗ್ರಾಂ. ಐದು ಗ್ರಾಂ ತೂಗುವ ಐವತ್ತು ಮೀನುಗಳೆಂದರೆ ಕಾಲು ಕಿಲೊ. ಒಂದು ಕಿಲೊ ಸಣ್ಣ ಮೀನು ಗಂಟೆಗೆ ಸುಮಾರು 300 ಮಿಲಿಗ್ರಾಂ ಬಳಸುತ್ತದೆಂದು ಹಿಡಿದರೆ ಕಾಲು ಕಿಲೊ ಬಳಸುವುದು 75 ಮಿಲಿಗ್ರಾಂ. ಹೊರಗಿನ ಗಾಳಿ ಬೆರೆಯದಿದ್ದರೆ ಒಂದೇ ಗಂಟೆಯಲ್ಲಿ ಎಲ್ಲವೂ ಮುಗಿಯಿತು! ಹಿಡಿದ ಗಾಬರಿಯಲ್ಲಿರುವ ಮೀನಿನ ಖರ್ಚು ಇದಕ್ಕಿಂತಲೂ ಹೆಚ್ಚು. ಬಕೆಟ್ಟಿನ ಬಾಯಿಯಿಂದ ಒಂದಿಷ್ಟು ಆಮ್ಲಜನಕ ಇಳಿಯುವುದರಿಂದ ಕೆಲವು ಬದುಕುತ್ತವೆ. ಅದೇ ಬಕೆಟ್ಟಿನಲ್ಲಿ ಹತ್ತು ಮೀನುಗಳಷ್ಟೇ ಇದ್ದರೆ ರಾತ್ರಿ ಕಳೆಯುವುದು ಕಷ್ಟವಲ್ಲ. ಐವತ್ತು ಹಾಕಿ ಹತ್ತು ಉಳಿಸಿಕೊಳ್ಳುವುದಕ್ಕಿಂತ ಹದಿನೈದು ಹಾಕಿ ಹದಿನೈದನ್ನೂ ಉಳಿಸಿಕೊಳ್ಳುವುದು ಲೇಸಲ್ಲವೇ?

ಅನ್ನ ಏಕೆ ಹಾಕಬಾರದೆಂಬುದೂ ಇಲ್ಲೇ ತಿಳಿಯುತ್ತದೆ. ತಿಂದ ಮೀನು ಹೆಚ್ಚು ಉಸಿರಾಡುತ್ತದೆ. ಕಿವಿರುಗಳ ಮೂಲಕ ಹೆಚ್ಚು ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಅನ್ನ ಕೊಳೆತು, ಇದ್ದಬದ್ದ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ಬಳಸಿಕೊಳ್ಳುತ್ತವೆ. ಮರಿಗಳನ್ನು ದೂರದೂರಿಗೆ ಸಾಗಿಸುವ ಮೀನು ಸಾಕಣೆದಾರರು ಒಂದೆರಡು ದಿನ ಮೊದಲೇ ಆಹಾರ ನಿಲ್ಲಿಸುತ್ತಾರೆ. ಪಾಲಿಥಿನ್ ಚೀಲದಲ್ಲಿ ಮೂರರಲ್ಲೊಂದು ಭಾಗ ನೀರು ಬಿಟ್ಟು ಉಳಿದದ್ದಕ್ಕೆ ಆಮ್ಲಜನಕ ತುಂಬಿ ಬಾಯಿ ಕಟ್ಟುತ್ತಾರೆ. ಎರೆಮೀನು ಚಿಕ್ಕ ವ್ಯವಹಾರವಾದರೂ ನಿಯಮ ಅದೇ.

ಮಡಕೆ, ಗೋಣಿ, ಮಂಜುಗಡ್ಡೆ

ಪಾತ್ರೆಯ ವಿಷಯದಲ್ಲಿ ಹಳಬರ ಮಣ್ಣಿನ ಮಡಕೆಯನ್ನು ಮೆಚ್ಚಲೇಬೇಕು. ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಬಾಯಿ ಕಿರಿದಾಗಿದ್ದರೆ ಗಾಳಿ ಬೆರೆಯುವುದು ಕಡಿಮೆ; ಆದ್ದರಿಂದ ಅಗಲಬಾಯಿಯದೇ ಆಗಬೇಕು, ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ಪ್ಲಾಸ್ಟಿಕ್ ಬಕೆಟ್ಟೇ ಇರುವುದಾದರೆ ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿಟ್ಟರೆ ಅದೇ ಕೆಲಸ ಅಷ್ಟಿಷ್ಟು ನಡೆಯುತ್ತದೆ. ಅಲಂಕಾರ ಮೀನಿನ ಅಂಗಡಿಗಳಲ್ಲಿ ಸಿಗುವ ಬ್ಯಾಟರಿ ಪಂಪು ಇದ್ದರಂತೂ ಸರಿಯೇ. ಅದಿಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುವುದೂ ಪಂಪೇ.

ಬೇಸಿಗೆಯಲ್ಲಿ ಮಂಜುಗಡ್ಡೆ ಬಳಸುವವರಿದ್ದಾರೆ. ಇದಕ್ಕೂ ಲೆಕ್ಕ ಉಂಟು. ಒಂದು ಕಿಲೊ ಮಂಜುಗಡ್ಡೆ ಕರಗಲು 80 ಕಿಲೊ ಕ್ಯಾಲೊರಿ ಶಾಖ ಬೇಕು. ಹತ್ತು ಲೀಟರ್ ನೀರನ್ನು 30ರಿಂದ 25 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ 50 ಕಿಲೊ ಕ್ಯಾಲೊರಿ. ಕರಗಿದ ನೀರು ಬಿಸಿಯಾಗಲು ಹಿಡಿಯುವ ಶಾಖವನ್ನೂ ಸೇರಿಸಿದರೆ ಅರ್ಧ ಕಿಲೊ ಸಾಕಾಗುತ್ತದೆ. ಒಮ್ಮೆಗೇ ದೊಡ್ಡ ಗಡ್ಡೆ ಹಾಕಿದರೆ ಮೀನಿಗೆ ಆಘಾತವಾಗಿ ಸಾಯುತ್ತದೆ. ಮುಚ್ಚಳ ಬಿಗಿದ ಬಾಟಲಿಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ ತೇಲಬಿಟ್ಟರೆ ನಿಧಾನವಾಗಿ ತಣಿಯುತ್ತದೆ. ಗಡ್ಡೆಯೊಳಗಿನ ಕ್ಲೋರಿನ್ ನೀರಿಗೆ ಬೆರೆಯುವ ಭಯವೂ ಇಲ್ಲ.

ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಆ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ಬಿಸಿಲಿಗಿಟ್ಟು, ಆಮೇಲೆ ತಣಿಸಿ ಬಳಸಬೇಕು. ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿದ್ದ ಹೈಪೊ, ಅಂದರೆ ಸೋಡಿಯಂ ಥಯೊಸಲ್ಫೇಟ್, ಒಂದು ಸಣ್ಣ ಹರಳು ಹಾಕಿದರೆ ಕ್ಲೋರಿನ್ ತಕ್ಷಣ ನಿಷ್ಕ್ರಿಯವಾಗುತ್ತದೆ. ಅರಸೀಕೆರೆಯ ಕಡೆ ಬೋರ್‌ವೆಲ್ ನೀರನ್ನೇ ನಂಬಬೇಕು. ಅದು ತಂಪಾಗಿ, ಕನ್ನಡಿಯಂತೆ ತಿಳಿಯಾಗಿ ಇರುವುದರಿಂದ ಮೋಸ ಹೋಗುವವರೇ ಹೆಚ್ಚು. ನೆಲದಾಳದಿಂದ ಬಂದ ನೀರಿನಲ್ಲಿ ಕರಗಿದ ಆಮ್ಲಜನಕ ಬಹಳ ಕಡಿಮೆ. ಹತ್ತಿಪ್ಪತ್ತು ಸಲ ಬಕೆಟ್ಟಿನಿಂದ ಬಕೆಟ್ಟಿಗೆ ಎತ್ತರದಿಂದ ಸುರಿದ ಮೇಲೆಯೇ ಮೀನು ಬಿಡಬೇಕು. ಎಲ್ಲಕ್ಕಿಂತ ಉತ್ತಮವೆಂದರೆ ಮೀನು ಹಿಡಿದ ಕೆರೆಯ ನೀರು.

ಸಸ್ಯ ದಟ್ಟವಾಗಿರುವ ಕೆರೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಿಡಗಳು ಹಗಲು ಆಮ್ಲಜನಕ ಬಿಡುತ್ತವೆ. ರಾತ್ರಿಯಿಡೀ ತಾವೂ ಉಸಿರಾಡುತ್ತವೆ. ಹೀಗಾಗಿ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ನಸುಕಿನಲ್ಲಿ. ಆಗ ಹಿಡಿದ ಎರೆಮೀನು ಮೊದಲೇ ಬಳಲಿರುತ್ತದೆ. ಸಂಜೆ ಹಿಡಿದದ್ದು ಗಟ್ಟಿ.

ಲೀಟರಿಗೆ ಮೂರರಿಂದ ಐದು ಗ್ರಾಂ ಅಡುಗೆ ಉಪ್ಪು ಹಾಕುವುದು ಒಳ್ಳೆಯದು. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪಾಗಿರುವುದರಿಂದ ನೀರು ಸದಾ ಅದರ ಮೈಯೊಳಗೆ ನುಗ್ಗುತ್ತಿರುತ್ತದೆ. ಅದನ್ನು ಹೊರಹಾಕುವ ಶ್ರಮವನ್ನು ಉಪ್ಪು ಕಡಿಮೆ ಮಾಡುತ್ತದೆ. ಮೀನನ್ನು ಮುಟ್ಟುವಾಗ ಕೈ ಒದ್ದೆಯಿರಲಿ. ಒಣಗೈಗೆ ಅಂಟಿಬರುವ ಲೋಳೆಯೇ ಅದರ ಮೈಗಾವಲು.

ಸತ್ತ ಎರೆಗೂ ಬೆಲೆಯುಂಟು

ಜೀವಂತ ಎರೆಯೇ ಬೇಕೆಂಬ ಹಟ ಎಲ್ಲ ಮೀನಿಗೂ ಸಲ್ಲದು. ಬಾಳೆ ಮೀನು ಓಡಾಡುವ ಎರೆಯ ಮೇಲೆ ಎರಗುವುದು ನಿಜ. ಮುರುಗೋಡು, ಗಿರ್ಲುಗಳು ಹೆಚ್ಚಾಗಿ ವಾಸನೆ, ರುಚಿಗಳ ಜಾಡು ಹಿಡಿದು ಬರುತ್ತವೆ. ಮೀಸೆಯ ಮೀನಿಗೆ ನಾಲಗೆ ಬಾಯಲ್ಲಷ್ಟೇ ಅಲ್ಲ, ಮೈಯೆಲ್ಲ ಇದೆ ಎನ್ನಬಹುದು. ಅಮೆರಿಕದ ಒಂದು ಜಾತಿಯ ಕ್ಯಾಟ್‌ಫಿಶ್‌ನ ಚರ್ಮ ಮತ್ತು ಮೀಸೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರುಚಿಮೊಗ್ಗುಗಳನ್ನು ವಿಜ್ಞಾನಿಗಳು ಎಣಿಸಿದ್ದಾರೆ. ಎರೆಯಿಂದ ನೀರಿಗೆ ಇಳಿಯುವ ಅಮೈನೊ ಆಮ್ಲಗಳೇ ಅದಕ್ಕೆ ಕರೆಯೋಲೆ.

ಆದ್ದರಿಂದ ಸತ್ತ ಎರೆ ತಾಜಾ ಆಗಿದ್ದರೆ ಸಾಕು. ಅದನ್ನು ಮಂಜುಗಡ್ಡೆಯ ಮೇಲಿಡಬೇಕು. ಕರಗಿದ ನೀರಿನಲ್ಲಿ ಮುಳುಗಿರಲು ಬಿಡಬಾರದು. ಮುಳುಗಿದರೆ ಮೀನನ್ನು ಸೆಳೆಯಬೇಕಾದ ಸಾರವೆಲ್ಲ ಡಬ್ಬಿಯ ನೀರಿಗೇ ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೊರಗೆ ಹಿಂಡಿ ಕಟ್ಟಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟರೆ ರಾತ್ರಿಯಿಡೀ ಕೆಡುವುದಿಲ್ಲ. ಮನೆಯ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ಮೀನು ಕರಗಿದಾಗ ಮೆತ್ತಗಾಗಿ ಗಾಳದಿಂದ ಕಳಚುವುದೇಕೆ? ನಿಧಾನವಾಗಿ ಹೆಪ್ಪುಗಟ್ಟುವಾಗ ದೊಡ್ಡ ಹರಳುಗಳು ಬೆಳೆದು ಜೀವಕೋಶಗಳನ್ನು ಹರಿಯುತ್ತವೆ. ಮೊದಲೇ ಕಲ್ಲುಪ್ಪಿನಲ್ಲಿ ಕೆಲವು ಗಂಟೆ ಹೂತಿಟ್ಟರೆ ನೀರಂಶ ಹೋಗಿ ಮಾಂಸ ಬಿಗಿಯಾಗುತ್ತದೆ, ಗಾಳಕ್ಕೆ ಕಚ್ಚಿ ನಿಲ್ಲುತ್ತದೆ.

ಎರೆಯ ಈ ಶಾಸ್ತ್ರ ಇಂದಿನದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾದಾಗ ಹೊಯ್ಸಳ ವಿಷ್ಣುವರ್ಧನ ಕಲ್ಯಾಣದ ಚಾಲುಕ್ಯರ ಸಾಮಂತ. ಆ ಚಾಲುಕ್ಯ ಮನೆತನದ ಮೂರನೆಯ ಸೋಮೇಶ್ವರ ಕೆಲವೇ ವರ್ಷಗಳ ನಂತರ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ತಿನಿಸು, ಕೋಲು, ಹುರಿ, ಗಾಳ ಎಲ್ಲದರ ಪ್ರಸ್ತಾಪವೂ ಅಲ್ಲಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಗಾಳ ಹಾಕುವುದು ಸೋಮಾರಿಗಳ ಕೆಲಸವೆಂದು ಮೂಗು ಮುರಿಯುವವರು ಇದನ್ನು ನೆನೆಯಬಹುದು.

ಉಳಿದ ಮೀನನ್ನು ಏನು ಮಾಡುವುದು?

ಎರೆಮೀನನ್ನು ಬದುಕಿಸಿಡುವ ವಿದ್ಯೆ ಕೈವಶವಾದ ಮೇಲೆಯೇ ನಿಜವಾದ ಅಪಾಯ ಶುರು. ಬೆಳಗಿನ ಜಾವ ಕೋಲು ಮಡಿಸುವಾಗ ಬಕೆಟ್ಟಿನಲ್ಲಿ ಇನ್ನೂ ಆರೇಳು ಮೀನು ಚುರುಕಾಗಿ ಓಡಾಡುತ್ತಿರುತ್ತವೆ. ಪಾಪ, ಬದುಕಿಕೊಳ್ಳಲಿ ಎಂದು ಎದುರಿಗಿರುವ ಕೆರೆಗೆ ಸುರಿದು ಹೊರಡುವುದು ವಾಡಿಕೆ. ಸುರಿದವರು ಪುಣ್ಯ ಬಂತೆಂದುಕೊಳ್ಳುತ್ತಾರೆ. ಆದರೆ ಅವು ಯಾವ ನೀರಿನವು?

ಬೇಲೂರಿನಿಂದ ಹಳೇಬೀಡಿಗೆ 16 ಕಿಲೊಮೀಟರ್. ಅಲ್ಲಿಂದ ಮುಂದೆ ಬಯಲುಸೀಮೆಯ ಅರಸೀಕೆರೆ. ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಹೊರಟರೆ ಒಂದೂವರೆ ಗಂಟೆಯ ಹಾದಿ. ನೀರಿನ ಲೆಕ್ಕದಲ್ಲಿ ಮಾತ್ರ ಇದು ಸಣ್ಣ ಪ್ರಯಾಣವಲ್ಲ. ಬೇಲೂರಿನ ಯಗಚಿ ಹೇಮಾವತಿಗೆ ಸೇರಿ ಕಾವೇರಿಯ ಪಾಲಾಗುತ್ತದೆ. ಅರಸೀಕೆರೆ ತಾಲ್ಲೂಕಿನ ಒಂದಷ್ಟು ಭಾಗದ ನೀರು ಉತ್ತರಕ್ಕೆ ವೇದಾವತಿಯತ್ತ ಹರಿದು ಕೃಷ್ಣೆಯನ್ನು ಸೇರುತ್ತದೆ. ತಾನಾಗಿ ಎಂದೂ ದಾಟಲಾರದ ಗಡಿಯನ್ನು ಮೀನು ಬಕೆಟ್ಟಿನಲ್ಲಿ ಕುಳಿತು ದಾಟಿಬಿಡುತ್ತದೆ. ಜೊತೆಗೆ ಅದರ ಕಿವಿರಿನ ಪರೋಪಜೀವಿಗಳು, ನೀರಿನಲ್ಲಿರುವ ಮೊಟ್ಟೆ, ಕಳೆಯ ಚೂರು.

ಎರೆಗೆಂದು ಹಿಡಿದ ಮರಿ ಯಾವ ಜಾತಿಯದೆಂದು ಎಲ್ಲರಿಗೂ ಗುರುತು ಸಿಗುವುದಿಲ್ಲ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯಾ, ನಮ್ಮವರ ಜಿಲೇಬಿ ಮೀನು, ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಚಾಳಿಯಿಂದ ಬಲುಬೇಗ ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಕೆರೆ ಕೆರೆಗಳಲ್ಲಿ ಸ್ಥಳೀಯ ಮೀನುಗಳ ಜಾಗ ಹಿಡಿದಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೂ ಕಠಿಣ. ನೋಡಲು ನಮ್ಮ ಮುರುಗೋಡಿನಂತೆಯೇ, ಸಿಕ್ಕಿದ್ದನ್ನೆಲ್ಲ ನುಂಗುವ ಹೊಟ್ಟೆಬಾಕ. ಇದರ ಸಾಕಣೆ ನಮ್ಮ ದೇಶದಲ್ಲಿ ನಿಷಿದ್ಧ. ಇತ್ತ ನಮ್ಮ ಬಾಳೆ ಮೀನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದಂಚಿನ ಜಾತಿಗಳ ಸಾಲು ಸೇರಿದೆ. ಗಾಳದವರು ಯಾವ ಮೀನಿಗಾಗಿ ರಾತ್ರಿಯೆಲ್ಲ ನಿದ್ದೆಗೆಡುತ್ತಾರೋ ಅದರ ಮನೆಗೇ ಅವರ ಬಕೆಟ್ಟಿನಿಂದ ಶತ್ರು ಬರಬಹುದು.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಉಳಿದ ಎರೆಯನ್ನು ಸರೋವರಕ್ಕೆ ಸುರಿಯುವುದು ಅಪರಾಧ. ಕಸದ ಡಬ್ಬಿಗೆ ಹಾಕಬೇಕು. ಜರ್ಮನಿಯಲ್ಲಿ ಜೀವಂತ ಮೀನನ್ನು ಗಾಳಕ್ಕೆ ಸಿಕ್ಕಿಸುವುದನ್ನೇ, ಹಿಂಸೆಯೆಂಬ ಕಾರಣಕ್ಕೆ, ನಿಷೇಧಿಸಿದ್ದಾರೆ. ನಮ್ಮಲ್ಲಿ ಅಷ್ಟು ದೂರ ಹೋಗದಿದ್ದರೂ ಎರೆಯನ್ನು ಗಾಳ ಹಾಕುವ ಕೆರೆಯಲ್ಲೇ ಹಿಡಿಯುವುದು, ಉಳಿದದ್ದನ್ನು ಅಲ್ಲಿಗೇ ಬಿಡುವುದು ಕಷ್ಟದ ಕೆಲಸವಲ್ಲ. ಬೇರೆ ಊರಿನಿಂದ ತಂದದ್ದಾದರೆ ಮತ್ತೆ ಕೆರೆಗೆ ಹೋಗಬಾರದು. ಹುರಿದು ತಿನ್ನುವಷ್ಟಿದ್ದರೆ ಬಾಣಲೆಗೆ, ಇಲ್ಲವೆ ಗೊಬ್ಬರದ ಗುಂಡಿಗೆ. ಬಕೆಟ್ಟಿನ ನೀರನ್ನು ದಡದಿಂದ ದೂರ ಒಯ್ದು ಸುರಿಯಬೇಕು. ಅರಸೀಕೆರೆಯ ಕಡೆ ತೆಂಗಿನ ಮರಕ್ಕೇನೂ ಬರವಿಲ್ಲ. ಮೀನಿಗೆ ವಿಷವಾಗಿದ್ದ ಅಮೋನಿಯಾ ತೆಂಗಿನ ಬುಡದಲ್ಲಿ ಸಾರಜನಕ ಗೊಬ್ಬರ. ಮೀನಿಗೆಂದು ಹಾಕಿದ ಚಿಟಿಕೆ ಉಪ್ಪಿಗೂ ತೆಂಗು ಹೆದರುವುದಿಲ್ಲ.