ಅಂಟಿಸುವ ಮೊದಲು

ನಮ್ಮ ದಾದಿಯ ಹತ್ತಿರ ಹಳೇ ಬಾಗಲಕೋಟೆಯ ಮನೆಯ ಫೋಟೋ ಒಂದೇ ಒಂದು ಇದೆ. ಆ ಮನೆ ಈಗ ಆಲಮಟ್ಟಿ ಹಿನ್ನೀರಿನೊಳಗಿದೆ. ನಾನು ಏಳನೇ ತರಗತಿಯಲ್ಲಿದ್ದಾಗ ‘ನಮ್ಮ ಊರು’ ಎಂಬ ಸ್ಕ್ರ್ಯಾಪ್‌ಬುಕ್ ಮಾಡಲು ಆ ಫೋಟೋ ಇಸಿದುಕೊಂಡು, ನಾಲ್ಕೂ ಮೂಲೆಗೆ ಗಮ್ ಟೇಪ್ ಹಚ್ಚಿಬಿಟ್ಟೆ. ಒಳ್ಳೆಯ ಅಂಕವೂ ಬಂತು. ಈ ರಂಜಾನ್‌ನಲ್ಲಿ ತೆಗೆದು ನೋಡಿದರೆ ಟೇಪು ಒಣಗಿ ಉದುರಿತ್ತು, ಅದರ ಅಂಟು ಮಾತ್ರ ಕಂದು ಕಲೆಯಾಗಿ ಉಳಿದಿತ್ತು. ಮೂಲೆಯಲ್ಲಿ ಕಟ್ಟೆಯ ಮೇಲೆ ಕೂತ ದಾದಾ ಅವರ ಅರ್ಧ ಮುಖ ಆ ಕಲೆಯ ಕೆಳಗಿದೆ. ದಾದಿ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಪ್ರಾಜೆಕ್ಟ್ ಕಾಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಟೇಪಿನ ಹಿಂದೆ ಹೆಚ್ಚಾಗಿ ರಬ್ಬರ್ ಜಾತಿಯ ಅಂಟು ಇರುತ್ತದೆ. ಗಾಳಿ, ಬಿಸಿಲಿಗೆ ಅದು ಮೊದಲು ಮೆತ್ತಗಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಹಳದಿಯಾಗಿ ಗಟ್ಟಿಯಾಗುತ್ತದೆ. ಇಳಿದದ್ದನ್ನು ಹೊರಗೆ ತೆಗೆಯುವುದು ಬಹಳ ಕಷ್ಟ.

ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ನೀರಿದೆ. ನೀರು ಕುಡಿದ ಹಾಳೆ ಉಬ್ಬಿ, ಒಣಗುವಾಗ ಸುಕ್ಕಾಗುತ್ತದೆ. ರಟ್ಟು, ಥರ್ಮೋಕೋಲ್‌ಗೆ ಇದೇ ಸರಿ. ತೆಳು ಹಾಳೆಗೆ ಬೇಕೇಬೇಕೆಂದರೆ ಬ್ರಷ್‌ನಿಂದ ತೆಳ್ಳಗೆ ಸವರಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. (ನಮ್ಮ ಅಕೌಂಟೆನ್ಸಿ ಪಠ್ಯಪುಸ್ತಕ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.) ಝೆರಾಕ್ಸ್ ಪ್ರತಿ, ಪತ್ರಿಕೆಯ ತುಣುಕುಗಳಿಗೆ ಗ್ಲೂ ಸ್ಟಿಕ್ ಸಾಕು. ಜರ್ಮನಿಯ ಹೆಂಕೆಲ್ ಕಂಪನಿ 1969ರಲ್ಲಿ ಲಿಪ್‌ಸ್ಟಿಕ್ ಮಾದರಿಯಲ್ಲಿ ಮಾರುಕಟ್ಟೆಗೆ ತಂದ ವಸ್ತು ಅದು. ನೀರು ಕಡಿಮೆ, ಆದ್ದರಿಂದ ಸುಕ್ಕೂ ಕಡಿಮೆ. ಮುಚ್ಚಳ ಮರೆತರೆ ನಮ್ಮ ಬೇಸಿಗೆಗೆ ಕಲ್ಲಾಗುತ್ತದೆ, ಅಷ್ಟೇ.

ಕಾಮರ್ಸ್‌ನವರು ಒಂದು ಮಾತು ನೆನಪಿಡಬೇಕು. ಎಟಿಎಂ ಚೀಟಿ, ಮಷೀನ್ ಬಿಲ್ಲುಗಳಲ್ಲಿ ಶಾಯಿ ಇರುವುದಿಲ್ಲ. ಶಾಖಕ್ಕೆ ಕಪ್ಪಾಗುವ ಲೇಪನದ ಮೇಲೆ ಅಕ್ಷರ ಮೂಡಿರುತ್ತದೆ. ಕೆಲವು ಅಂಟು, ಟೇಪು ತಗುಲಿದರೆ ಅಕ್ಷರ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಚೀಟಿಯೇ ಪೂರ್ತಿ ಕಪ್ಪು. ಝೆರಾಕ್ಸ್ ತೆಗೆಸಿ ಅದನ್ನು ಅಂಟಿಸಿ, ಅಸಲನ್ನು ಲಕೋಟೆಯಲ್ಲಿಡಿ.

ಇಳಕಲ್ ಸೀರೆಯ ತುಂಡು ಹಚ್ಚುವವರಿಗೆ ಅಂಟೇ ಬೇಡ. ರೇಷ್ಮೆಯ ಸೆರಗಿಗೆ ಅಂಟು ತಾಗಿದರೆ ಒದ್ದೆ ಕಲೆ ಮುಂಭಾಗಕ್ಕೂ ಬರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ ಹಾಕಿ. ಇಳಕಲ್ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗೆ ಕುಣಿಕೆ ಹಾಕಿಯೇ ಜೋಡಿಸುತ್ತಾರಲ್ಲ!

ದಾದಿಯ ಕಾಲದಲ್ಲಿ ಮೈದಾ ಕುದಿಸಿದ ಲೇಯಿಯೇ ಎಲ್ಲದಕ್ಕೂ. ಹಳ್ಳಿಮದ್ದು ಎಂದು ನಕ್ಕಿದ್ದೆ. ಆದರೆ ಹಳೆಯ ಹಸ್ತಪ್ರತಿ ದುರಸ್ತಿ ಮಾಡುವವರು ಇಂದಿಗೂ ಗೋಧಿ ಪಿಷ್ಟದ ಅಂಟನ್ನೇ ನಂಬುತ್ತಾರೆ. ಕಾರಣ ಒಂದೇ: ನೀರು ತಾಗಿಸಿದರೆ ಬಿಡುತ್ತದೆ. ದೋಷವೂ ಇದೆ, ಹುಳು ಮತ್ತು ಜಿರಳೆಗೆ ಅದು ಊಟ. ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತು ಬೆರೆಸುವುದುಂಟು. ಅದು ವಿಷ, ಮನೆಯಲ್ಲಿ ಬೇಡ.

ಹಾಗಾಗಿ ಯಾವ ಅಂಟು ಗಟ್ಟಿ ಎಂದು ಕೇಳುವ ಮೊದಲು, ಇದನ್ನು ಮುಂದೆ ಬಿಡಿಸಬೇಕಾದೀತೇ ಎಂದು ಕೇಳಿಕೊಳ್ಳಿ. ಬಾದಾಮಿ ಪ್ರವಾಸದ ಫೋಟೋ ಮೊಬೈಲಿನಲ್ಲಿದೆ, ಕೆಟ್ಟರೆ ಮತ್ತೊಂದು ಪ್ರಿಂಟ್ ಹಾಕಿಸಬಹುದು. ಒಂದೇ ಪ್ರತಿ ಇರುವ ಫೋಟೋಗೆ ಅಂಟು ಸೋಕಿಸಬೇಡಿ. ಬಿಳಿ ಕಾಗದದಲ್ಲಿ ನಾಲ್ಕು ತ್ರಿಕೋನ ಜೇಬು ಮಡಚಿ, ಆ ಜೇಬುಗಳನ್ನಷ್ಟೇ ಹಾಳೆಗೆ ಅಂಟಿಸಿ, ಫೋಟೋದ ಮೂಲೆಗಳನ್ನು ಒಳಗೆ ತೂರಿಸಿ.

ದಾದಿಯ ಫೋಟೋ ಈಗ ಹಾಗೆಯೇ ಕೂತಿದೆ. ಕಲೆಯನ್ನು ಉಜ್ಜಲು ಹೋಗಿಲ್ಲ, ಉಳಿದ ಅರ್ಧ ಮುಖವೂ ಹೋದೀತೆಂಬ ಹೆದರಿಕೆ. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಎರಡು ಪ್ರತಿ ತೆಗೆಸಿದೆ. ಒಂದು ದಾದಿಯ ದಿಂಬಿನ ಕೆಳಗಿದೆ.