ಒಂದೇ ಕಂತಿನಲ್ಲಿ ಮುಗಿಯುವ ಕಥೆ

ಧಾರಾವಾಹಿಯೆಂದರೆ ಮುಂದುವರಿಯುತ್ತಲೇ ಹೋಗುವ ಕಥೆಯೆಂಬುದು ನಮ್ಮ ಮನೆಗಳಲ್ಲಿ ರೂಢವಾದ ಭಾವನೆ. ಆದರೆ ಪ್ರತಿಯೊಂದು ವಚನವೂ ತನ್ನ ಅಂಕಿತದೊಡನೆ ತಾನೇ ಪೂರ್ಣವಾಗಿರುವಂತೆ, ಪ್ರತಿಯೊಂದು ಕಂತೂ ತನ್ನಲ್ಲಿಯೇ ಮುಗಿಯುವ ಪತ್ತೇದಾರಿ ಮಾಲಿಕೆಗಳೂ ಉಂಟು.

ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಸೃಷ್ಟಿಸಿದ, ಅಮೆರಿಕೆಯಲ್ಲಿ 1971ರಿಂದ ಮಾಲಿಕೆಯಾಗಿ ಪ್ರಸಾರವಾದ ‘ಕೊಲಂಬೊ’ ಇದಕ್ಕೆ ಉತ್ತಮ ನಿದರ್ಶನ. ಇಲ್ಲಿ ಕೊಲೆಗಾರ ಯಾರೆಂಬುದನ್ನು ಸಾಮಾನ್ಯವಾಗಿ ಆರಂಭದಲ್ಲಿಯೇ ತೋರಿಸಿಬಿಡುತ್ತಾರೆ. ಹಾಗಾದರೆ ಮುಂದೆ ನೋಡಲು ಉಳಿಯುವುದೇನು? ಪೀಟರ್ ಫಾಕ್ ಅಭಿನಯಿಸಿದ, ಸುಕ್ಕುಗಟ್ಟಿದ ಮಳೆಯಂಗಿಯ ಆ ಪೊಲೀಸ್ ಅಧಿಕಾರಿ ಸತ್ಯವನ್ನು ಮುಟ್ಟುವ ಬಗೆ.

ಲೇಖಕನ ಕಷ್ಟವಿರುವುದು ಇಲ್ಲಿಯೇ. ಗುಟ್ಟನ್ನು ಮುಚ್ಚಿಟ್ಟು ಕುತೂಹಲ ಕೆರಳಿಸುವಂತಿಲ್ಲ. ಅಪರಾಧಿಯ ಒಂದು ಸಣ್ಣ ತಪ್ಪನ್ನು ಮೊದಲೇ ನೋಡುಗರ ಕಣ್ಣೆದುರಿಗಿಟ್ಟು, ಆದರೂ ಅದು ಅವರ ಗಮನಕ್ಕೆ ಬಾರದಂತೆ ನಡೆಸಿ, ಕೊನೆಗೆ ಅದರಿಂದಲೇ ಗಂಟನ್ನು ಬಿಡಿಸಬೇಕು. ಕಡೆಯ ಗಳಿಗೆಯಲ್ಲಿ ಎಲ್ಲಿಂದಲೋ ಹೊಸ ಸಾಕ್ಷಿಯನ್ನು ಎಳೆದು ತಂದರೆ ಅದು ನೋಡುಗರಿಗೆ ಬಗೆದ ವಂಚನೆ.

ಇಲ್ಲಿನ ಕೊಲೆಗಾರರು ಬಹುಮಟ್ಟಿಗೆ ಸಿರಿವಂತರು, ಪ್ರತಿಷ್ಠಿತರು. ಉಡುಗೆಯನ್ನು ನೋಡಿ ಮನುಷ್ಯನನ್ನು ಅಳೆದ ಅವರು, ಆತ ಹೊರಟವನು ಮತ್ತೆ ಹಿಂದಿರುಗಿ ಕೇಳುವ ಒಂದೇ ಒಂದು ಪ್ರಶ್ನೆಗೆ ತತ್ತರಿಸುತ್ತಾರೆ. ಸತ್ತವನಿಗೆ ಸಲ್ಲಬೇಕಾದ ನ್ಯಾಯವನ್ನು ಮುಂದಿನ ವಾರಕ್ಕೆ ಸಾಲವಾಗಿ ಉಳಿಸದಿರುವುದೇ ಇಂಥ ಬರವಣಿಗೆಯ ಧರ್ಮ.